ಪರದೆಯ ಈಚೆ, ಪರದೆಯ ಆಚೆ: ಬಿ.ಜಿ.ಎಲ್. ಸ್ವಾಮಿ

2021ರ ಫೆಬ್ರವರಿಯ ಆ ವಾರವನ್ನು ಟೆಕ್ಸಾಸಿನ ಕನ್ನಡದ ಮನೆಗಳು ಎರಡು ಕಾರಣಕ್ಕೆ ನೆನಪಿಟ್ಟುಕೊಂಡಿವೆ. ಒಂದು, ಕರೆಂಟೂ ಇಲ್ಲದೆ ನಲ್ಲಿಯಲ್ಲಿ ನೀರೂ ಇಲ್ಲದೆ ಕಂಬಳಿ ಹೊದ್ದು ಕುಳಿತ ದಿನಗಳು. ಇನ್ನೊಂದು, ಕರಿಬೇವು. ಡಾಲಸ್‌ನಲ್ಲಿ ಫ್ಯಾರನ್‌ಹೀಟ್ ಮಾಪಕ ಸೊನ್ನೆಗಿಂತ 2 ಡಿಗ್ರಿ ಕೆಳಗಿಳಿದಿತ್ತು. ಕುಂಡವನ್ನು ಒಳಗೆ ಎಳೆದುಕೊಂಡವರ ಗಿಡಗಳೂ ಹೀಟರ್ ಇಲ್ಲದ ಮನೆಯಲ್ಲಿ ನಡುಗಿದವು. ನಮ್ಮೂರು ಬೆಚ್ಚಗಿರುತ್ತದೆ ಎಂದು ನಂಬಿ ಹಿತ್ತಲಲ್ಲೇ ನೆಟ್ಟಿದ್ದ ಹ್ಯೂಸ್ಟನ್‌ನವರ ಗಿಡಗಳ ಗತಿಯಂತೂ ಹೇಳುವುದೇ ಬೇಡ. ಹತ್ತು ವರ್ಷ ಸಾಕಿದ ಗಿಡ, ಊರಿಂದ ಅತ್ತೆ ಬಂದಾಗ ನೀರೆರೆದು ಮಾತಾಡಿಸುತ್ತಿದ್ದ ಗಿಡ, ಎರಡು ರಾತ್ರಿಯಲ್ಲಿ ಹೋಯಿತು. ಎಲೆಗಳು ಮೊದಲು ಬೇಯಿಸಿದ ಸೊಪ್ಪಿನಂತೆ ಒದ್ದೆಯಾಗಿ ಕಂಡವು, ಆಮೇಲೆ ಕಪ್ಪಾದವು.

ಆ ಒದ್ದೆಯೇ ಮುಖ್ಯ. ಗಿಡದ ಪ್ರತಿ ಜೀವಕೋಶವನ್ನೂ ಒಂದು ತೆಳು ಪೊರೆ ಸುತ್ತಿರುತ್ತದೆ. ಎಣ್ಣೆಯ ಜಾತಿಯ ಅಣುಗಳು ಎರಡು ಪದರವಾಗಿ ನಿಂತು ಕಟ್ಟಿದ ಪೊರೆ ಅದು. ನೀರು ಅದರ ಮೂಲಕ ಹಾದುಹೋಗಬಲ್ಲದು. ನೀರಿಗೆಂದೇ ಪ್ರೋಟೀನಿನ ಸಣ್ಣ ಕಿಂಡಿಗಳೂ ಇವೆ. ಉಪ್ಪು, ಸಕ್ಕರೆಗೆ ಹಾಗೆ ಸಲೀಸಾದ ದಾರಿಯಿಲ್ಲ. ಅವಕ್ಕೆ ಬೇರೆ ಬಾಗಿಲು, ಬೇರೆ ಕಾವಲು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಜಾಡಿಯಲ್ಲಿ ನೀರು ನಿಂತಿರುತ್ತದಲ್ಲ, ಅದು ಇದೇ ಪೊರೆಯ ವ್ಯವಹಾರ: ಉಪ್ಪು ಹೆಚ್ಚಿರುವ ಕಡೆಗೆ ನೀರು ಹೊರಟುಬರುತ್ತದೆ. ನಮ್ಮ ಪಠ್ಯಪುಸ್ತಕಗಳು ಇದನ್ನು ಅಭಿಸರಣೆ ಎನ್ನುತ್ತವೆ. ಹೆಪ್ಪುಗಟ್ಟುವ ಚಳಿಯಲ್ಲಿ ಮಂಜುಗಡ್ಡೆ ಮೊದಲು ಕೋಶಗಳ ಹೊರಗೆ ಕಟ್ಟುತ್ತದೆ, ಒಳಗಿನ ನೀರನ್ನು ಹೀರಿಕೊಳ್ಳುತ್ತದೆ. ಕೋಶ ಕುಗ್ಗುತ್ತದೆ, ಪೊರೆ ಸೋಲುತ್ತದೆ. ಬಿಸಿಲು ಬಂದು ಮಂಜು ಕರಗಿದಾಗ ಹರಿದ ಪೊರೆಯಿಂದ ಒಳಗಿದ್ದದ್ದೆಲ್ಲ ಸೋರಿಹೋಗುತ್ತದೆ. ಒದ್ದೆ ಎಲೆ ಎಂದರೆ ಒಳಗು ಹೊರಗಿನ ಭೇದ ಕಳೆದುಕೊಂಡ ಎಲೆ.

ನಮ್ಮ ತರಗತಿಯ ದೊಡ್ಡ ಮಕ್ಕಳಿಗೆ ಇದೆಲ್ಲ ಇಂಗ್ಲಿಷಿನಲ್ಲಿ ಗೊತ್ತು. ಹೈಸ್ಕೂಲಿನ ಬಯಾಲಜಿಯಲ್ಲಿ ಓದಿರುತ್ತಾರೆ. ಅದನ್ನೇ ಕನ್ನಡದಲ್ಲಿ ಹೇಳಿ ಎಂದು ಒಬ್ಬಳು ಕೇಳಿದ ದಿನ ನಾನು ತಡವರಿಸಿದೆ. ಮನೆಗೆ ಬಂದು ಕಪಾಟಿನಿಂದ ‘ಹಸುರು ಹೊನ್ನು’ ತೆಗೆದೆ. ಈ ವರ್ಷ ಶಾಲೆ ಮುಗಿಸುತ್ತಿರುವ ಮಕ್ಕಳ ಸಂಚಿಕೆಗೆ ಅದರ ಲೇಖಕರ ಬಗ್ಗೆಯೇ ಬರೆಯುತ್ತೇನೆಂದು ಒಪ್ಪಿಕೊಂಡದ್ದು ಹಾಗೆ. ಬಿ.ಜಿ.ಎಲ್. ಸ್ವಾಮಿಯವರನ್ನು ನಗಿಸುವ ಲೇಖಕರೆಂದು ನಾವು ಬಲ್ಲೆವು. ಗಿಡದೊಳಗೆ ಒಂದು ಕೋಶದಿಂದ ಇನ್ನೊಂದಕ್ಕೆ ನೀರು, ಆಹಾರ ಹೇಗೆ ದಾಟುತ್ತವೆ ಎಂಬುದನ್ನು ಅವರು ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತ ಕುಳಿತಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಎಂಬುದು ಪೂರ್ತಿ ಹೆಸರು. ತಂದೆ ಡಿ.ವಿ. ಗುಂಡಪ್ಪನವರು, ‘ಮಂಕುತಿಮ್ಮನ ಕಗ್ಗ’ದ ಡಿವಿಜಿ. ಅಂಥ ತಂದೆಯ ಮಗ ಕವಿಯಾಗುತ್ತಾನೆ, ಇಲ್ಲವೇ ಅಪ್ಪನ ನೆರಳಲ್ಲಿ ಏನೂ ಆಗದೆ ಉಳಿಯುತ್ತಾನೆ ಎಂದು ನಿರೀಕ್ಷಿಸುವುದು ಸಹಜ. ಸ್ವಾಮಿ ಎರಡೂ ಆಗಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಸಸ್ಯಶಾಸ್ತ್ರ ಹಿಡಿದರು. ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪಡೆದರು. ಮನೆಯ ತುಂಬ ಸಾಹಿತ್ಯ, ವೇದಾಂತ, ರಾಜಕಾರಣದ ಮಾತು. ಮಗನ ಮೇಜಿನ ಮೇಲೆ ಆರ್ಕಿಡ್ ಹೂವಿನ ಅಂಡಾಶಯದ ತೆಳು ಸೀಳುಗಳು.

ಆರ್ಕಿಡ್ ಎಂದರೆ ಮಲೆನಾಡಿನವರಿಗೆ ಸೀತಾಳೆ ದಂಡೆಯ ಕುಲ. ಅಂಗಡಿಯಲ್ಲಿ ಕುಂಡದಲ್ಲಿ ಕೊಳ್ಳುವ ಹೂವೂ ಅದೇ ವಂಶ. ಅದರ ಬೀಜದಲ್ಲಿ ಒಂದು ವಿಚಿತ್ರವಿದೆ. ಸಾಮಾನ್ಯವಾಗಿ ಬೀಜದೊಳಗೆ ಮರಿಗಿಡದ ಜೊತೆಗೆ ಅದಕ್ಕೆ ಬೇಕಾದ ಬುತ್ತಿಯನ್ನೂ ತಾಯಿ ಕಟ್ಟಿಡುತ್ತಾಳೆ. ತೆಂಗಿನಕಾಯಿಯ ತಿರುಳು, ಎಳನೀರು, ನಾವು ಉಣ್ಣುವ ಅಕ್ಕಿಯ ಬಹುಪಾಲು ಎಲ್ಲವೂ ಆ ಬುತ್ತಿಯೇ. ಶಾಸ್ತ್ರದ ಮಾತಿನಲ್ಲಿ ಭ್ರೂಣಾಹಾರ. ಆರ್ಕಿಡ್ಡಿನ ಬೀಜಕ್ಕೆ ಈ ಬುತ್ತಿ ಇಲ್ಲ. ಧೂಳಿನ ಕಣದಂಥ ಬೀಜ, ಒಳಗೆ ಕೆಲವೇ ಕೋಶಗಳ ಭ್ರೂಣ. ಹಾಗಿದ್ದರೆ ಕಾಯಿಯೊಳಗೆ ಇರುವಷ್ಟು ದಿನ ಆ ಭ್ರೂಣ ಉಣ್ಣುವುದೇನು, ಯಾವ ದಾರಿಯಿಂದ?

ಭ್ರೂಣದ ಬುಡದಲ್ಲಿ ಸಸ್ಪೆನ್ಸರ್ ಎಂಬ ಒಂದು ಕೋಶವೋ ಕೆಲವು ಕೋಶಗಳೋ ಇರುತ್ತವೆ. ಕೆಲವು ಆರ್ಕಿಡ್‌ಗಳಲ್ಲಿ ಅದು ಸುಮ್ಮನೆ ಒಂದು ಗುಬುಟು. ಇನ್ನು ಕೆಲವದರಲ್ಲಿ ಉದ್ದವಾಗಿ ಬೆಳೆದು, ಬೀಜದ ಬಾಯಿಂದಲೇ ಹೊರಕ್ಕೆ ಚಾಚಿ, ತಾಯಿಗಿಡದ ಅಂಗಾಂಶಕ್ಕೆ ತಗುಲಿಕೊಂಡು ಹೀರುಬೇರಿನಂತೆ ಕೆಲಸ ಮಾಡುತ್ತದೆ. ಹಸುಗೂಸಿಗೂ ತಾಯಿಗೂ ನಡುವಿನ ಹೊಕ್ಕುಳಬಳ್ಳಿಯನ್ನು ನೆನೆದರೆ ತಪ್ಪಿಲ್ಲ, ಆದರೆ ಇಲ್ಲಿ ರಕ್ತವಿಲ್ಲ, ನಾಳವಿಲ್ಲ. ಕೋಶದ ಗೋಡೆ, ಕೋಶದ ಪೊರೆ, ಇಷ್ಟನ್ನೇ ದಾಟಿ ಊಟ ಬರಬೇಕು. ಸ್ವಾಮಿ ಬೇರೆ ಬೇರೆ ಕುಲದ ಆರ್ಕಿಡ್‌ಗಳಲ್ಲಿ ಭ್ರೂಣದ ಒಂದೊಂದು ಹಂತವನ್ನೂ ಹಿಡಿದು, ಸಸ್ಪೆನ್ಸರ್ ಯಾವ ಯಾವ ಬಗೆಯಲ್ಲಿ ಬೆಳೆಯುತ್ತದೆಂದು ವರ್ಗೀಕರಿಸಿದರು. 1949ರಲ್ಲಿ ‘ಅಮೆರಿಕನ್ ಮಿಡ್‌ಲ್ಯಾಂಡ್ ನ್ಯಾಚುರಲಿಸ್ಟ್’ ಪತ್ರಿಕೆಯಲ್ಲಿ ಬಂದ ಅವರ ಲೇಖನಗಳನ್ನು ಆರ್ಕಿಡ್ ಭ್ರೂಣಶಾಸ್ತ್ರದವರು ಇವತ್ತಿಗೂ ತೆರೆದು ನೋಡುತ್ತಾರೆ.

ಅಷ್ಟು ಹೊತ್ತಿಗೆ ಅವರು ಅಮೆರಿಕಕ್ಕೆ ಬಂದಿದ್ದರು. ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿಯಿದ್ದರು. ಮರದ ಒಳರಚನೆಯ ವಿಷಯದಲ್ಲಿ ಆ ಕಾಲಕ್ಕೆ ಅವರದು ದೊಡ್ಡ ಹೆಸರು. ಸ್ವಾಮಿ ಅವರ ಜೊತೆ ಸೇರಿದರು. ನಮ್ಮಲ್ಲಿ ಹೆಚ್ಚಿನವರು ಸೂಟ್‌ಕೇಸಿನಲ್ಲಿ ಚಟ್ನಿಪುಡಿ ತುಂಬಿಕೊಂಡು ಈ ದೇಶಕ್ಕೆ ಬರುವುದಕ್ಕೆ ದಶಕಗಳ ಮೊದಲು ನಡೆದ ಮಾತು ಇದು.

ಅಲ್ಲಿ ಅವರಿಬ್ಬರೂ ನೋಡುತ್ತಿದ್ದುದು ಏನು ಎಂದು ತಿಳಿಯಲು ಮರದೊಳಗೆ ನೀರು ಏರುವ ದಾರಿಯನ್ನು ಸ್ವಲ್ಪ ಹಿಂಬಾಲಿಸಬೇಕು. ಮಣ್ಣಿನ ನೀರು ಬೇರಿನೊಳಗೆ ಗೋಡೆಗಳ ಸಂದಿಯಲ್ಲಿ ನುಸುಳಿಕೊಂಡು ಸ್ವಲ್ಪ ದೂರ ಬರಬಹುದು. ಆದರೆ ಬೇರಿನ ನಡುಭಾಗವನ್ನು ಸುತ್ತುವರಿದ ಒಂದು ಸಾಲು ಕೋಶಗಳಿವೆ. ಅವುಗಳ ಸಂದಿಗಳನ್ನು ಮೇಣದಂಥ ಪಟ್ಟಿ ಮುಚ್ಚಿರುತ್ತದೆ. ಅಲ್ಲಿಂದ ಮುಂದೆ ಕಳ್ಳದಾರಿಯಿಲ್ಲ. ಜೀವಂತ ಪೊರೆಯೊಂದನ್ನು ದಾಟಿಯೇ ಒಳಗೆ ಹೋಗಬೇಕು. ಯಾವ ಲವಣ ಎಷ್ಟು ಎಂದು ಗಿಡ ನಿರ್ಧರಿಸುವುದು ಆ ಬಾಗಿಲಲ್ಲಿ. ಒಮ್ಮೆ ದಾಟಿದ ಮೇಲೆ ನೀರಿಗೆ ಸಿಗುವುದು ಸತ್ತ ಕೋಶಗಳ ಕೊಳವೆಗಳು. ಒಳಗಿನ ಜೀವ ಹೋಗಿ ಗೋಡೆ ಮಾತ್ರ ಉಳಿದ ಕೋಶಗಳು. ಮೇಲೆ ಎಲೆಗಳಿಂದ ನೀರು ಆವಿಯಾಗುತ್ತಿದ್ದಂತೆ ಕೆಳಗಿನ ನೀರಿನ ಎಳೆ ಮೇಲಕ್ಕೆ ಜಗ್ಗುತ್ತದೆ.

ಈ ಕೊಳವೆಗಳಲ್ಲಿ ಎರಡು ಬಗೆ. ಹೂಬಿಡುವ ಮರಗಳಲ್ಲಿ ಹೆಚ್ಚಿನವಕ್ಕೆ, ನಮ್ಮ ಓಕ್‌ಗಳಿಗೆ, ಊರಿನ ಮಾವು ಹಲಸಿಗೆ, ಅಗಲವಾದ ನಾಳಗಳಿವೆ. ಕೋಶದ ಮೇಲೊಂದು ಕೋಶ ನಿಂತು, ನಡುವಿನ ಅಡ್ಡಗೋಡೆ ಕರಗಿ ಹೋಗಿ, ಪೈಪಿನಂತೆ ಆದವು. ಹ್ಯೂಸ್ಟನ್ ಸುತ್ತಲಿನ, ಆಸ್ಟಿನ್ ಪಕ್ಕದ ಬ್ಯಾಸ್ಟ್ರಪ್‌ನ ಲಾಬ್ಲಾಲಿ ಪೈನ್‌ಗಳಿಗೆ ಆ ಸೌಕರ್ಯವಿಲ್ಲ. ಅವುಗಳ ಕೋಶಗಳು ಕಿರಿದು, ಎರಡೂ ತುದಿ ಮುಚ್ಚಿದ್ದು. ಒಂದರಿಂದ ಇನ್ನೊಂದಕ್ಕೆ ನೀರು ಹೋಗಬೇಕಾದರೆ ಗೋಡೆಯಲ್ಲಿರುವ ಪುಟ್ಟ ಕುಳಿಗಳ ಮೂಲಕ ಹೋಗಬೇಕು. ಕುಳಿಗೆ ಅಡ್ಡವಾಗಿ ಒಂದು ತೆಳು ಪರದೆ. ವಿಜ್ಞಾನಿಗಳು ಅದನ್ನು ಪಿಟ್ ಮೆಂಬ್ರೇನ್ ಎನ್ನುತ್ತಾರೆ. ಹೆಸರು ಕೇಳಿ ಮೋಸಹೋಗಬಾರದು: ಇದು ಮೊದಲು ಹೇಳಿದ ಜೀವಂತ ಪೊರೆಯಲ್ಲ, ಗೋಡೆಯದೇ ಜಾಲರಿಯಂಥ ತುಣುಕು. ಆದರೂ ಪೊರೆಯ ಗುಣ ಇದಕ್ಕೂ ಇದೆ. ನೀರನ್ನು ಬಿಡುತ್ತದೆ, ಗಾಳಿಯ ಗುಳ್ಳೆಯನ್ನು ತಡೆಯುತ್ತದೆ. ನೀರು ಹೆಪ್ಪುಗಟ್ಟಿ ಕರಗುವಾಗ ಗುಳ್ಳೆಗಳು ಏಳುತ್ತವೆ. ಅಗಲ ನಾಳದಲ್ಲಿ ಗುಳ್ಳೆ ಹಿಗ್ಗಿತೆಂದರೆ ನೀರಿನ ಎಳೆ ತುಂಡಾಗಿ ಆ ನಾಳ ಕೆಟ್ಟಿತು. ಕಿರಿದಾದ ಪೈನ್ ಕೋಶದಲ್ಲಿ ಸಣ್ಣ ಗುಳ್ಳೆ ಮತ್ತೆ ಕರಗಿಹೋಗುತ್ತದೆ. ಅಡ್ಡ ಪರದೆ ಇದ್ದರೆ ಓಟ ನಿಧಾನ, ಅಪಾಯ ಕಡಿಮೆ. ಪರದೆ ಹೋದರೆ ಓಟ ಜೋರು, ಅಪಾಯವೂ ಜೋರು. ಮರದ ವಿಕಾಸದ ದೊಡ್ಡ ಕಥೆಯೊಂದು ಈ ಪರದೆಯ ಸುತ್ತಲೇ ನಡೆದಿದೆ.

ಹಾಗಾದರೆ ಹೂಬಿಡುವ ಗಿಡಗಳಲ್ಲಿ ನಾಳವಿಲ್ಲದವು ಉಳಿದಿವೆಯೇ? ಬೆರಳೆಣಿಕೆಯಷ್ಟು ಇದ್ದವು. 1948ರಲ್ಲಿ ಬೈಲಿ ಮತ್ತು ಸ್ವಾಮಿ ಆ ಪಟ್ಟಿಯಲ್ಲಿದ್ದ ಒಂದು ಗಿಡವನ್ನು ವಿವರವಾಗಿ ಬಣ್ಣಿಸಿದರು: ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಆಂಬೊರೆಲ್ಲ. ನೋಡಲು ಸಾಧಾರಣ ಪೊದೆ, ಸಣ್ಣ ಹೂವು. ಇದು ನಾಳವಿಲ್ಲದ ಹೊಸದೊಂದು ಮಾದರಿ ಎಂದು ಅವರು ಬರೆದಾಗ ಸಸ್ಯಶಾಸ್ತ್ರದ ಹೊರಗೆ ಯಾರೂ ತಲೆಯೆತ್ತಿ ನೋಡಿರಲಾರರು. ಅರ್ಧ ಶತಮಾನದ ನಂತರ, 1999ರಲ್ಲಿ, ಡಿಎನ್ಎ ಅಧ್ಯಯನಗಳು ಜೀವಂತ ಹೂಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆ ಇದೇ ಆಂಬೊರೆಲ್ಲ ಎಂದವು. ಸ್ವಾಮಿ ಅದನ್ನು ಕೇಳಲು ಇರಲಿಲ್ಲ.

1950ರಲ್ಲಿ ಇಬ್ಬರೂ ಸಾರ್ಕಾಂಡ್ರ ಎಂಬ ಇನ್ನೊಂದು ಗಿಡದ ಬಗ್ಗೆ ಬರೆದರು. ಇದು ನಮ್ಮ ದಕ್ಷಿಣ ಭಾರತದ ಬೆಟ್ಟಗಾಡಿನಲ್ಲೂ ಬೆಳೆಯುವ ಕುಲ. ಇದರಲ್ಲೂ ನಾಳಗಳಿಲ್ಲ ಎಂಬುದು ಅವರ ನಿರ್ಣಯ. ಹತ್ತಿರದ ನೆಂಟ ಗಿಡಗಳಲ್ಲಿ ನಾಳವಿದ್ದು ಇದೊಂದರಲ್ಲಿ ಇಲ್ಲವೆಂದರೆ ಸಣ್ಣ ಸುದ್ದಿಯಲ್ಲ. ಸ್ವಾಮಿಯವರ ಹೆಸರು ಈ ಗಿಡಕ್ಕೆ ಅಂಟಿಕೊಂಡಿತು. ಮುಂದೆ ಆ ಕುಲದ ಒಂದು ಗಿಡಕ್ಕೆ ಅವರು ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಗುರುವಿನ ಹೆಸರಿಟ್ಟರು. ಅದೇ ಕುಟುಂಬದ ಇನ್ನೊಂದಕ್ಕೆ ದೆಹಲಿಯ ಪ್ರಸಿದ್ಧ ಭ್ರೂಣಶಾಸ್ತ್ರಜ್ಞ ಪಂಚಾನನ ಮಹೇಶ್ವರಿಯವರ ಹೆಸರು ಕೊಟ್ಟರು. ಗುರುಋಣ ತೀರಿಸುವ ಕ್ರಮ ಸಸ್ಯಶಾಸ್ತ್ರಜ್ಞರಲ್ಲಿ ಹೀಗೆ.

1953ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಮರೀನಾ ಕಡಲತಡಿಯ ಆ ಹಳೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಕೊನೆಗೆ ಪ್ರಾಂಶುಪಾಲರಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದರು. ಕನ್ನಡ ಕೇಳದ ಊರಿನಲ್ಲಿ, ಕನ್ನಡ ಬಾರದ ವಿದ್ಯಾರ್ಥಿಗಳ ನಡುವೆ, ಇಂಗ್ಲಿಷಿನಲ್ಲಿ ಪಾಠ, ಇಂಗ್ಲಿಷಿನಲ್ಲಿ ಸಂಶೋಧನೆ. ಕನ್ನಡದ ಅವರ ಹೆಸರಾಂತ ಬರಹಗಳು ಹುಟ್ಟಿದ್ದು ಈ ಬದುಕಿನಿಂದ. ಇಲ್ಲಿ ಕುಳಿತು ಓದುವ ನಮಗೆ ಇದರಲ್ಲಿ ಆಶ್ಚರ್ಯ ಪಡುವಂಥದು ಏನೂ ಇರಲಾರದು. ಅವರು ತಮಿಳನ್ನೂ ಕಲಿತರು, ತಮಿಳಿನ ಇತಿಹಾಸವನ್ನೂ ಶಾಸನಗಳನ್ನೂ ಕೆದಕಿದರು, ಒಪ್ಪದ ಕಡೆ ಜಗಳವನ್ನೂ ಆಡಿದರು. ‘ತಮಿಳು ತಲೆಗಳ ನಡುವೆ’ ಓದಿದವರಿಗೆ ಆ ಮೊನಚು ಗೊತ್ತು. ಕೆಲವು ಕಡೆ ಅದು ಅತಿಯಾಯಿತೆಂದು ನನಗೂ ಅನ್ನಿಸಿದ್ದುಂಟು.

‘ಹಸುರು ಹೊನ್ನು’ 1976ರಲ್ಲಿ ಬಂತು, ಡಿವಿಜಿ ತೀರಿಕೊಂಡ ಮರುವರ್ಷ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆದ ಪ್ರವಾಸಗಳ ಪುಸ್ತಕ ಅದು. ಗಿಡದ ಪರಿಚಯ ಮಾಡಿಸುವುದಕ್ಕೆ ಅವರು ಎಲೆಯ ಆಕಾರದಿಂದ ಶುರುಮಾಡುವುದಿಲ್ಲ. ಯಾರೋ ವಿದ್ಯಾರ್ಥಿ ಮಾಡಿದ ಎಡವಟ್ಟು, ಹಳ್ಳಿಯವರ ನಂಬಿಕೆ, ಸಂಸ್ಕೃತ ಕಾವ್ಯದ ಒಂದು ನೆನಪು, ನಡುವೆ ಎಲ್ಲಿಂದಲೋ ಗಿಡ ಬಂದು ಕೂರುತ್ತದೆ. ಚಿತ್ರಗಳನ್ನು ಬರೆದದ್ದೂ ಅವರೇ. ಗೆರೆಗಳಲ್ಲಿ ಪ್ರಯೋಗಾಲಯದವನ ಕೈ ಕಾಣುತ್ತದೆ, ಎಲೆಯ ನರ ತಪ್ಪುವುದಿಲ್ಲ. ಆ ಪುಸ್ತಕಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಡಿವಿಜಿಯವರಿಗೆ ಅದೇ ಪ್ರಶಸ್ತಿ 1967ರಲ್ಲಿ ಬಂದಿತ್ತು.

‘ಕಾಲೇಜು ರಂಗ’ವನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದರಿಂದ ಓದದವರಿಗೂ ಅದು ಗೊತ್ತು. ‘ಅಮೆರಿಕದಲ್ಲಿ ನಾನು’ ನಮ್ಮ ಮನೆಗಳಲ್ಲಿ ಇರಲೇಬೇಕಾದ ಪುಸ್ತಕ. ಮಕ್ಕಳಿಗೆ ಅಡುಗೆಮನೆಯಲ್ಲಿ ನಿಂತು ಓದಿ ಹೇಳಬಹುದಾದ್ದು ಮಾತ್ರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಆಲೂಗಡ್ಡೆ, ಮೆಣಸಿನಕಾಯಿ, ಟೊಮೇಟೊ ಇಲ್ಲದ ಸಾರು ಪಲ್ಯವನ್ನು ಊಹಿಸಲೂ ಆಗದ ನಾವು, ಇವೆಲ್ಲ ಸಮುದ್ರ ದಾಟಿ ಬಂದ ನೆಂಟರೆಂಬುದನ್ನು ಮರೆತಿದ್ದೇವೆ. ಟೆಕ್ಸಾಸಿನ ಕುರುಚಲು ಕಾಡಿನಲ್ಲಿ ತಾನಾಗಿ ಬೆಳೆಯುವ ಚಿಲ್ಟೆಪಿನ್ ಎಂಬ ಕಾಳಿನಷ್ಟು ಗಾತ್ರದ ಮೆಣಸಿನಕಾಯಿ ಇದೆ, ಈ ರಾಜ್ಯದ ಅಧಿಕೃತ ನಾಡಮೆಣಸು. ಅದನ್ನು ಬಾಯಿಗೆ ಹಾಕಿಕೊಂಡ ನಮ್ಮೂರಿನ ಅಜ್ಜಿಯೊಬ್ಬರು ಸೂಜಿಮೆಣಸಿನ ತಂಗಿ ಎಂದು ತೀರ್ಪು ಕೊಟ್ಟದ್ದನ್ನು ಕಂಡಿದ್ದೇನೆ. ಸ್ವಾಮಿ ಇದ್ದಿದ್ದರೆ ಇದರ ಮೇಲೆ ಹತ್ತು ಪುಟ ಬರೆಯುತ್ತಿದ್ದರು.

1980ರ ನವೆಂಬರ್ 2ರಂದು ಅವರು ತೀರಿಕೊಂಡರು. ಬರೆಯಬೇಕಾದ್ದು ಇನ್ನೂ ಬಹಳ ಇತ್ತು.

ಅವರ ವಿಜ್ಞಾನದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1987ರಲ್ಲಿ ಶರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ ಸಾರ್ಕಾಂಡ್ರದ ಬೇರಿನ ಕಟ್ಟಿಗೆಯನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸ್ವಾಮಿ ಮತ್ತು ಬೈಲಿಗೆ ಅಂಥ ಉಪಕರಣವಿರಲಿಲ್ಲ. ಕೋಶಗಳ ತುದಿಗೋಡೆಯಲ್ಲಿ ಕೆಲವು ಕಡೆ ಆ ಅಡ್ಡ ಪರದೆ ಇರಲೇ ಇಲ್ಲ. ಕೆಲವು ಕಡೆ ಜೇಡರಬಲೆಯ ಎಳೆಗಳಂತೆ ಹರಕು ಮಾತ್ರ ಉಳಿದಿತ್ತು. ಅಂದರೆ ಸಾರ್ಕಾಂಡ್ರದಲ್ಲಿ ನಾಳಗಳಿವೆ. ಬೇರೆಯವರು ಕಾಂಡದಲ್ಲೂ ಕಂಡರು. ಮೂವತ್ತೇಳು ವರ್ಷ ಪುಸ್ತಕಗಳಲ್ಲಿದ್ದ ಮಾತನ್ನು ತಿದ್ದಬೇಕಾಯಿತು. ವಿಚಿತ್ರವೆಂದರೆ ತಿದ್ದುಪಡಿ ನಿಂತದ್ದೂ ಅದೇ ಪರದೆಯ ಮೇಲೆ. ಇದೆಯೋ ಇಲ್ಲವೋ ಎಂದು ಹೇಳಲಾಗದಷ್ಟು ತೆಳುವಾದ, ಅರ್ಧ ಕರಗಿದ ಪರದೆ ಕಂಡಾಗ ಆ ಕೋಶವನ್ನು ಯಾವ ಗುಂಪಿಗೆ ಸೇರಿಸುವುದು ಎಂಬುದು ಈಗಲೂ ಸುಲಭದ ಪ್ರಶ್ನೆಯಲ್ಲ. ಆಂಬೊರೆಲ್ಲದ ಕೋಶಗಳಲ್ಲೂ ಕೆಲವು ಪರದೆಗಳು ತೂತುತೂತಾಗಿವೆ ಎಂದು 2000ದಲ್ಲಿ ಇನ್ನೊಂದು ತಂಡ ತೋರಿಸಿತು. ಪೈನ್ ಒಂದು ಕಡೆ, ಓಕ್ ಒಂದು ಕಡೆ ಎಂದು ನಾವು ಎಳೆಯುವ ಗೆರೆಯ ನಡುವೆ ಇವು ನಿಂತಿವೆ.

ಈ ಲೇಖನದ ಕರಡು ಓದಿದ ಪೋಷಕರೊಬ್ಬರು ಕೇಳಿದರು, ಮಕ್ಕಳು ಹೆಮ್ಮೆಪಡಲಿ ಎಂದು ಬರೆಯುವಾಗ ಅವರು ತಪ್ಪಿದ್ದನ್ನು ಯಾಕೆ ಬರೆಯಬೇಕು ಎಂದು. ಅವರ ಮಾತಿನ ಹಿಂದಿನ ಕಾಳಜಿ ಅರ್ಥವಾಯಿತು. ವಾರಕ್ಕೆ ಎರಡು ಗಂಟೆ ಸಿಗುವ ಮಕ್ಕಳಿಗೆ ಒಳ್ಳೆಯದನ್ನಷ್ಟೇ ಹೇಳೋಣ ಎಂಬ ಆಸೆ ನಮಗೆಲ್ಲ ಇದೆ. ಆದರೆ ನಮ್ಮ ಹದಿನಾರರ ಮಕ್ಕಳು ಶಾಲೆಯ ಲ್ಯಾಬಿನಲ್ಲಿ ತಪ್ಪು ಉತ್ತರ ಬಂದರೆ ಮನೆಗೆ ಬಂದು ಹೇಳದೆ ಬಾಗಿಲು ಹಾಕಿಕೊಳ್ಳುವವರು. ತಮ್ಮ ಕಣ್ಣಿಗೆ ಕಂಡಷ್ಟನ್ನು ಎಚ್ಚರಿಕೆಯಿಂದ ಬರೆದಿಟ್ಟು, ಮುಂದಿನವನು ಎಲ್ಲಿ ನೋಡಬೇಕೆಂದು ಗುರುತು ಮಾಡಿ ಹೋದ ಒಬ್ಬ ಕನ್ನಡಿಗರ ಕಥೆಯನ್ನು ಅವರಿಂದ ಮುಚ್ಚಿಡಲು ನನಗೆ ಮನಸ್ಸು ಬರಲಿಲ್ಲ. ಆ ಪೋಷಕರು ಒಪ್ಪಿದರೋ ಇಲ್ಲವೋ, ಲೇಖನವನ್ನು ಹಾಗೇ ಬಿಟ್ಟರು.

ಕೊನೆಯ ತರಗತಿಯಲ್ಲಿ ನಾವು ಒಂದು ಸಣ್ಣ ಪ್ರಯೋಗ ಮಾಡಿದೆವು. ಬೇರೆ ಊರುಗಳ ಶಿಕ್ಷಕರಿಗೂ ಉಪಯೋಗವಾದೀತು. ಮರದ ಅಂಗಡಿಯಿಂದ ರೆಡ್ ಓಕ್ ಮತ್ತು ವೈಟ್ ಓಕ್ ಕಡ್ಡಿಗಳನ್ನು, ನಾಳಗಳು ಉದ್ದಕ್ಕೆ ಬರುವಂತೆ ಗೇಣುದ್ದ ಕತ್ತರಿಸಿ ತಂದೆವು. ಒಂದು ತುದಿ ನೀರಿನ ಲೋಟದಲ್ಲಿ, ಇನ್ನೊಂದು ತುದಿಯಿಂದ ಬಾಯಿಯಲ್ಲಿ ಊದುವುದು. ರೆಡ್ ಓಕ್‌ನಲ್ಲಿ ಗುಳುಗುಳು ಗುಳ್ಳೆ ಬಂತು. ವೈಟ್ ಓಕ್‌ನಲ್ಲಿ ಎಷ್ಟು ಊದಿದರೂ ಇಲ್ಲ: ಪಕ್ಕದ ಜೀವಂತ ಕೋಶಗಳು ಕುಳಿಗಳ ಮೂಲಕ ನಾಳದೊಳಕ್ಕೆ ಬಲೂನಿನಂತೆ ಉಬ್ಬಿ ಬಂದು ಅದನ್ನು ಮುಚ್ಚಿರುತ್ತವೆ. ಪೀಪಾಯಿ ಮಾಡಲು ವೈಟ್ ಓಕೇ ಬೇಕೆನ್ನುವುದು ಅದಕ್ಕೇ. ಆಸ್ಟಿನ್ ಸುತ್ತಮುತ್ತ ಓಕ್ ಮರಗಳನ್ನು ಒಣಗಿಸುತ್ತಿರುವ ಓಕ್ ವಿಲ್ಟ್ ಶಿಲೀಂಧ್ರ ಹೊಕ್ಕಾಗಲೂ ಮರ ಹೀಗೆಯೇ ತನ್ನ ನಾಳಗಳನ್ನು ತಾನೇ ಕಟ್ಟಿಕೊಂಡು ಬಾಯಾರಿ ಸಾಯುತ್ತದೆ. ಫೆಬ್ರವರಿಯಿಂದ ಜೂನ್‌ವರೆಗೆ ಓಕ್ ಕೊಂಬೆ ಕಡಿಯಬೇಡಿ ಎನ್ನುವುದು ಈ ರೋಗದ ಭಯಕ್ಕೆ. ಪ್ರಶ್ನೆ ಕೇಳಿ ನನ್ನನ್ನು ತಡವರಿಸಿದ್ದ ಹುಡುಗಿ ಊದಿ ಊದಿ ಕೆಂಪಾದ ಮುಖದಲ್ಲಿ ಇಷ್ಟನ್ನೂ ಪುಟ್ಟ ಮಕ್ಕಳಿಗೆ ಕನ್ನಡದಲ್ಲಿ ವಿವರಿಸಿದಳು. ನಾಳ ಎಂಬ ಮಾತು ಹೊಳೆಯದೆ ಒಮ್ಮೆ ಪೈಪು ಎಂದಳು, ಅಷ್ಟೆ.